ಬಾವಿಯ ತಳದ ಕಟ್ಟಿಗೆಯ ಟಾಕು

ನಾನು ಮದುವೆಯಾಗಿ ಬಂದ ಮನೆ ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿತ್ತು. ನಮ್ಮ ಯಜಮಾನರು ಕಟ್ಟಿಗೆ ಕಡೆಯುವವರು. ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು, ಬುಗುರಿ, ಹೀಗೆ ದುಂಡಗೆ ಇರಬೇಕಾದ ಸಾಮಾನೆಲ್ಲ ನಮ್ಮ ಪಡಸಾಲೆಯಲ್ಲಿ ಆಗುತ್ತಿತ್ತು. ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ ಅದು. ಕರೆಂಟಿನ ಯಂತ್ರ ನಮ್ಮ ಓಣಿಗೆ ಬಂದಿರಲಿಲ್ಲ.

ನಮ್ಮದು ಹಗ್ಗದಿಂದ ತಿರುಗುವ ಖರಾದು. ಎರಡು ಗಿಡ್ಡ ಕಂಬಗಳ ನಡುವೆ, ಎರಡು ಕಬ್ಬಿಣದ ಮೊನೆಗಳಿಗೆ ಕಟ್ಟಿಗೆಯ ತುಂಡನ್ನು ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಬೇಕು. ಒಬ್ಬರು ಕೂತು ಹಗ್ಗದ ಎರಡೂ ತುದಿ ಹಿಡಿದು ಮೊಸರು ಕಡೆದಂತೆ ಎಳೆಯಬೇಕು. ಎದುರಿಗೆ ಇನ್ನೊಬ್ಬರು ನೆಲದ ಮೇಲೆ ಕೂತು ಉಳಿ ಹಿಡಿಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಮೊದಲು ನನ್ನ ಮೈದುನ ಹಗ್ಗ ಎಳೆಯುತ್ತಿದ್ದ. ಅವನಿಗೆ ಅರಳೆ ಗಿರಣಿಯಲ್ಲಿ ಕೆಲಸ ಸಿಕ್ಕು ಅತ್ತ ಹೋದ ಮೇಲೆ ಹಗ್ಗ ನನ್ನ ಕೈಗೆ ಬಂತು.

ಅತ್ತೆ ಅದಕ್ಕೆ ಅಡ್ಡಿ ಮಾಡಲಿಲ್ಲ. "ರೊಟ್ಟಿ ಬಡಿಯೂ ಕೈ, ಹಗ್ಗ ಎಳದರ ಏನ್ ಸವೀತೈತಿ?" ಅಂದರು. ಆದರೆ ಉಳಿಯನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಉಳಿ ಹಿಡಿಯುವವರು ಒಂದು ಕಾಲು ಚಾಚಿ, ಕಾಲಬೆರಳಿನಿಂದ ಉಳಿಯನ್ನು ಒತ್ತಿ ಹಿಡಿದುಕೊಂಡು ಕೂರಬೇಕು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಪಡಸಾಲೆಯಲ್ಲಿ ಸೊಸೆ ಹಾಗೆ ಕೂರುವುದುಂಟೆ? ನಾನೂ ಕೇಳಲಿಲ್ಲ. ಹಗ್ಗ ಎಳೆಯುತ್ತ ಉಳಿಯ ಮೊನೆಯನ್ನೇ ನೋಡುತ್ತಿದ್ದೆ. ಹಗ್ಗ ನನ್ನ ಕಡೆ ಬಂದಾಗ ಉಳಿ ತಾಕುತ್ತಿತ್ತು, ತಿರುಗಿ ಹೋದಾಗ ಕೂದಲೆಳೆಯಷ್ಟು ಹಿಂದೆ ಸರಿಯುತ್ತಿತ್ತು. ನೋಡಿ ನೋಡಿ ಆ ಲಯ ನನ್ನ ಮೈಯಲ್ಲೇ ಕೂತುಬಿಟ್ಟಿತ್ತು.

ಒಂದು ಬೇಸಿಗೆಯ ಕೊನೆಗೆ ಉಪ್ಪಿನಬೆಟಗೇರಿಯಿಂದ ಒಬ್ಬ ವಯಸ್ಸಾದ ರೈತ ಚಕ್ಕಡಿ ಹೊಡೆದುಕೊಂಡು ಬಂದ. ಚಕ್ಕಡಿಯಲ್ಲಿ ತೊಯ್ದ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ದಿಮ್ಮಿ. ತಟ್ಟು ಬಿಚ್ಚಿದರೆ ಒಳಗೆ ಇದ್ದಿಲಿನಂಥ ಕರಿ ಕಟ್ಟಿಗೆ, ಹಸಿ ಕೆಸರಿನ ವಾಸನೆ.

"ಬಾವಿ ಆಳ ಮಾಡಾಕತ್ತಿದ್ವಿರಿ ಮೇಸ್ತ್ರಿ," ಅಂದ ಆತ. "ಎರಿಮಣ್ಣು ಮುಗದು, ಅದರ ಕೆಳಗಿನ ಜವಳು ಕೆಸರು ತಗಿಯೂಮುಂದ ಇದು ಅಡ್ಡ ಬಿದ್ದಿತ್ತು. ನಮ್ಮಪ್ಪಗ ಗೊತ್ತಿಲ್ಲ, ಅವರಪ್ಪಗೂ ಗೊತ್ತಿಲ್ಲ. ಯಾವ ಕಾಲದ ಗಿಡಾನೋ ಏನೋ."

ನಮ್ಮವರು ಉಗುರಿನಿಂದ ಕೆರೆದು ನೋಡಿದರು, ಮೂಸಿದರು, ಬೆರಳ ಗೆಣ್ಣಿನಿಂದ ಬಡಿದು ನೋಡಿದರು. "ಜಾಲಿ ಇರಬಹುದು, ಮತ್ತಿ ಇರಬಹುದು. ನೀರು, ಕೆಸರು ಕುಡದು ಕುಡದು ತನ್ನ ಜಾತೀನ ಮರತೈತಿ," ಅಂದರು. "ಇದರಾಗ ಏನ್ ಮಾಡಬೇಕು?"

"ಒಂದು ಟಾಕು ಮಾಡಿಕೊಡ್ರಿ."

ಟಾಕು ಅಂದರೆ ತುದಿಗೆ ಉಕ್ಕಿನ ನಿಬ್ಬು ಸಿಕ್ಕಿಸಿ, ಮಸಿಯ ದೌತಿಯಲ್ಲಿ ಅದ್ದಿ ಬರೆಯುವ ಲೇಖನಿ. ಇಷ್ಟು ದೊಡ್ಡ ದಿಮ್ಮಿ ತಂದು ಗೇಣುದ್ದದ ಟಾಕು ಕೇಳಿದರೆ ಯಾರಿಗಾದರೂ ಆಶ್ಚರ್ಯವೇ. ಆತ ಕಟ್ಟೆಯ ಮೇಲೆ ಕೂತು ನೀರು ಕುಡಿದು ನಿಧಾನವಾಗಿ ಹೇಳಿದ. ಅವನ ಮಗಳು ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಊರಿನವರು ಏನಂದರೂ ಕೇಳದೆ ಆತ ಅವಳನ್ನು ಧಾರವಾಡದಲ್ಲಿ ಓದಿಸಿದ. ಈಗ ಮಾಸ್ತರಿಕೆಯ ತರಬೇತಿ ಮುಗಿಯುತ್ತ ಬಂದಿತ್ತು. ದೀಪಾವಳಿ ರಜೆ ಮುಗಿದ ಮೇಲೆ ದೂರದ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಸಾಲೆಗೆ ಹೋಗುವವಳಿದ್ದಳು.

"ಹೊಲದಾಗ ಆಕೀಗೆ ಪಾಲು ಕೊಡಾಕ ನನ್ನ ಗಂಡಮಕ್ಕಳು ಒಪ್ಪಂಗಿಲ್ಲ," ಅಂದ ಆತ, ದಿಮ್ಮಿಯ ಮೇಲೆ ಕೈ ಇಟ್ಟು. "ಹೊಲದ ಹೊಟ್ಟಿಯೊಳಗಿಂದ ಬಂದದ್ದು ಇದಾದರೂ ಆಕಿ ಕೈಯಾಗ ಇರಲಿ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅವರೂ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು.

ನಮ್ಮವರು ಮರುದಿನವೇ ಗರಗಸ ಹಾಕಿದರು. ಕೊಯ್ದ ಮೈ ಎಣ್ಣೆ ಹಚ್ಚಿದ ಹಾಗೆ ಮಿಂಚಿತು. ನೀರಿನ ಪಸೆ ಹೋಗಲಿ ಅಂತ ಮೊದಲ ತುಂಡನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟರು. ಸಂಜೆಗೆ ನೋಡಿದರೆ ಅದು ಉದ್ದಕ್ಕೂ ಬಿರಿದಿತ್ತು. ಇನ್ನೊಂದು ತುಂಡನ್ನು ಒಲೆಯ ಹತ್ತಿರ ಇಟ್ಟರು. ಅದು ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಇಷ್ಟು ವರ್ಷ ನೆಲದೊಳಗೆ ಗಟ್ಟಿಯಾಗಿದ್ದದ್ದು ನಮ್ಮ ಮನೆಗೆ ಬಂದು ಹೀಗೆ ಆಯಿತಲ್ಲ ಅಂತ ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ನಾನು ಅಂದೆ: "ಹಪ್ಪಳ ಬಿರಿಬಿಸಲಾಗ ಹಾಕಿದರ ಸೀಳ್ತಾವು. ಅದಕ್ಕ ನೆರಳಾಗ ಒಣಗಸ್ತೀವಿ. ಇದನ್ನೂ ಹಂಗ ಮಾಡಿದರ ಹ್ಯಾಂಗ್ರಿ?"

ಅವರು ಎದ್ದು ಹೋಗಿ ಜೋಳದ ಹೊಟ್ಟು ತಂದರು. ಉಳಿದ ತುಂಡುಗಳನ್ನು ದೊಡ್ಡದೊಂದು ಮಣ್ಣಿನ ಗುಡಾಣದೊಳಗೆ ಹೊಟ್ಟಿನಲ್ಲಿ ಹುಗಿದು, ಬಾಯಿಗೆ ಅರಿವೆ ಕಟ್ಟಿ ನನ್ನ ಅಡುಗೆಮನೆಯ ಮೂಲೆಗೆ ಇಟ್ಟರು. ಮಳೆಗಾಲವೆಲ್ಲ ಅದರ ಉಸ್ತುವಾರಿ ನನ್ನದು. ಹೊಟ್ಟು ತೇವ ಹಿಡಿದರೆ ತೆಗೆದು ಒಣ ಹೊಟ್ಟು ಹಾಕುತ್ತಿದ್ದೆ, ತುಂಡುಗಳನ್ನು ಹೊರಳಿಸಿಡುತ್ತಿದ್ದೆ. ಪಂಚಮಿಯ ಉಂಡಿ ಕಟ್ಟುವಾಗಲೂ, ದಸರೆಗೆ ಮನೆ ಸಾರಿಸುವಾಗಲೂ ಆ ಗುಡಾಣ ಅಲ್ಲೇ ಇತ್ತು. ಅತ್ತೆ ಅದನ್ನು ನನ್ನ ಬಾಣಂತಿ ಅಂತ ಚೇಷ್ಟೆ ಮಾಡುತ್ತಿದ್ದರು.

ದಸರೆಯ ಮೇಲೆ ತೆಗೆದು ನೋಡಿದರೆ ಕೆಲವು ತುಂಡು ನೆಟ್ಟಗೆ ಒಣಗಿದ್ದವು. ಅಷ್ಟರಲ್ಲೇ ನಮ್ಮವರ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಬೆರಳು ಬದನೆಕಾಯಿಯ ಹಾಗೆ ಊದಿತು. ನಿಂಬೆಹಣ್ಣಿಗೆ ತೂತು ಮಾಡಿ ಅದನ್ನು ಬೆರಳಿಗೆ ಟೊಪ್ಪಿಗೆಯಂತೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಉಳಿ ಹಿಡಿದರೆ ಕೈ ನಡುಗುತ್ತಿತ್ತು. ರೈತ ಸಂತೆಗೆ ಬಂದವ ಇಣುಕಿ ನೋಡಿ, ದೀಪಾವಳಿ ಆದ ಕೂಡಲೇ ಮಗಳು ಹೊರಡುತ್ತಾಳೆ ಅಂತ ನೆನಪು ಮಾಡಿ ಹೋದ.

ಮರುದಿನ ಬೆಳಿಗ್ಗೆ ರೊಟ್ಟಿ ಮುಗಿಸಿ ಪಡಸಾಲೆಗೆ ಬಂದಾಗ ನಮ್ಮವರು ನಾನು ಕೂರುವ ಜಾಗದಲ್ಲಿ, ಹಗ್ಗದ ಕಡೆ, ಕೂತಿದ್ದರು.

"ನೀ ಆಕಡೆ ಕೂಡು," ಅಂದರು.

"ನಾನs?"

"ಹಗ್ಗ ಅಂಗೈಯಾಗ ಹಿಡೀತೇನಿ, ಹೆಬ್ಬೆರಳು ಬೇಕಾಗಂಗಿಲ್ಲ. ಉಳಿ ನೀ ಹಿಡಿ. ಇದು ಒಣಗಿದ ಮ್ಯಾಲ ಪುಡಿಗಟ್ಟಿಗಿ ಆಗೈತಿ, ಒತ್ತಿದರ ಹಾರ್ತೈತಿ. ನನ್ನ ಕೈ ಬಾಳ ಭಾರ ಇದಕ್ಕ."

ನಾನು ಒಳಗಿನ ಬಾಗಿಲ ಕಡೆ ನೋಡಿದೆ. ಅತ್ತೆ ಅಲ್ಲೇ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಅವರು ನೆಟ್ಟಗೆ ನಡೆದು ಹೋಗಿ ಬೀದಿ ಬಾಗಿಲು ಎಳೆದುಕೊಂಡು, ಹೊರಗಿನ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿತು. ಯಾರೋ ಗಿರಾಕಿಗೆ ಹೇಳುತ್ತಿದ್ದರು: "ಈಗ ಬ್ಯಾಡಪಾ, ಮಧ್ಯಾಹ್ನ ಬಾ. ಒಳಗ ನಾಜೂಕಿನ ಕೆಲಸ ನಡದೈತಿ."

ನಾನು ಕಾಲು ಚಾಚಿ ಕೂತೆ. ಮೊದಲ ತುಂಡು ನನ್ನ ಕೈಯಲ್ಲಿ ಹಾಳಾಯಿತು. ಉಳಿ ಒಳಗೆ ನುಗ್ಗಿ, ಕರಿ ಚೂರು ಹಾರಿ ಗೋಡೆಗೆ ಬಡಿಯಿತು. ನಮ್ಮವರು ಹಗ್ಗ ನಿಲ್ಲಿಸಿ ಇನ್ನೊಂದು ತುಂಡು ಸಿಕ್ಕಿಸಿದರು, ಅಷ್ಟೇ. "ನೋಡಬ್ಯಾಡ, ಸಪ್ಪಳ ಕೇಳು. ಕಿರ್ ಅಂದರ ಹಿಂದ ಸರಿ, ಸರ್ ಅಂದರ ಮುಂದ ನಡಿ," ಅಂದರು. ನನ್ನಿಂದ ಎಂದೂ ಎಳೆಸದಷ್ಟು ನಿಧಾನವಾಗಿ, ಒಂದೇ ಹದದಲ್ಲಿ ಹಗ್ಗ ಎಳೆದರು. ನೋವಿಗೆ ಅವರ ಹಣೆ ಬೆವೆತಿತ್ತು. ನಾನು ಕಣ್ಣು ಅರ್ಧ ಮುಚ್ಚಿದೆ. ಸರ್ ಅನ್ನುವ ಸಪ್ಪಳ ಬಂತು, ಮತ್ತೆ ಬಂತು. ಕಾಡಿಗೆಯಂಥ ಸಣ್ಣ ಪುಡಿ ನನ್ನ ಸೀರೆಯ ಮೇಲೆ, ಕಾಲ ಮೇಲೆ ಉದುರತೊಡಗಿತು. ಮಧ್ಯಾಹ್ನದ ಹೊತ್ತಿಗೆ ಚೌಕ ಹೋಗಿ ದುಂಡು ಬಂದಿತ್ತು. ಬೆರಳು ಹಿಡಿಯುವಲ್ಲಿ ಸ್ವಲ್ಪ ತೆಳುವು, ಅದರ ಮೇಲೆ ಸ್ವಲ್ಪ ಉಬ್ಬು, ತುದಿಗೆ ಹೋಗುತ್ತ ಸಣ್ಣ. ಅಂಥ ಸಂತೋಷ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಂದೆ ಮಗು ಹುಟ್ಟಿದಾಗ ಆದದ್ದು ಬೇರೆ. ಇದು ನನ್ನೊಬ್ಬಳದೇ.

ಮುಂದಿನ ಕೆಲಸ ಉಜ್ಜುವುದು. ಮೊದಲು ಒರಟು ಗಾಜುಕಾಗದದಿಂದ, ಆಮೇಲೆ ನಯವಾದದ್ದರಿಂದ ಉಜ್ಜಿ, ಆಮೇಲೆ ಅದೇ ಕಟ್ಟಿಗೆಯ ಪುಡಿಯನ್ನು ಅರಿವೆಯಲ್ಲಿ ಹಿಡಿದು ತಿಕ್ಕಿದೆ. ಕುಸುಬಿ ಎಣ್ಣೆಯನ್ನು ಬೆರಳತುದಿಯಿಂದ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚಿದೆ. ಕೊನೆಗೆ ಜೇನುಮೇಣ. ನಮ್ಮವರು ಎಡಗೈಯಿಂದಲೇ ತುದಿಗೆ ತೂತು ಕೊರೆದು, ಹಳೆಯ ಟಾಕೊಂದರ ಹಿತ್ತಾಳೆ ನಳಿಕೆಯನ್ನು ಕೂಡಿಸಿದರು. ಬೆಳಕಿಗೆ ಹಿಡಿದರೆ ಕರಿಯೊಳಗೆ ಕಂದು ಗೆರೆಗಳು ನೀರಿನ ಅಲೆಯ ಹಾಗೆ ಕಾಣುತ್ತಿದ್ದವು.

ಹಬ್ಬದ ಮರುದಿನ ರೈತ ಮಗಳನ್ನು ಕರೆದುಕೊಂಡು ಬಂದ. ಬಿಳಿ ಸೀರೆಯ, ಮಾತು ಕಡಿಮೆಯ ಹೆಣ್ಣುಮಗಳು, ನನ್ನ ಓರಗೆಯವಳೇ. ನಮ್ಮವರು ದೌತಿ ಕೊಟ್ಟರು. ಅವಳು ನಿಬ್ಬು ಅದ್ದಿ, ಕಾಗದದ ಮೇಲೆ ನಿಧಾನವಾಗಿ ಅ ಆ ಇ ಈ ಬರೆದಳು. ಬರೆದು, ಟಾಕನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದಳು.

"ಛಲೋ ಆಗೈತೇನವಾ?" ಅಂತ ತಂದೆ ಕೇಳಿದ.

"ಬೆರಳಿಗೆ ತಾನs ಬಂದು ಕೂಡತೈತಿ ಅಪ್ಪಾ." ಅವಳು ನಮ್ಮವರ ಕಡೆ ತಿರುಗಿದಳು. "ಬಾಳ ಹಗೂರ ಕೈ ಐತ್ರಿ ನಿಮ್ಮದು."

ನಮ್ಮವರ ಹೆಬ್ಬೆರಳಿಗೆ ಇನ್ನೂ ಅರಿವೆ ಕಟ್ಟಿತ್ತು. ಅವರು ಸ್ವಲ್ಪ ತಡವರಿಸಿ, "ನಮ್ಮ ಮನ್ಯಾಗs ಆಗೈತ್ರಿ," ಅಂದರು. ನಾನು ಕೆಳಗೆ ನೋಡಿದೆ. ಅಷ್ಟೇ ಸಾಕು ಅಂದುಕೊಂಡೆ.

ಆಗ ಅತ್ತೆ ಒಳಗಿನಿಂದ ಕುಸುಬಿ ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದರು. "ಮನ್ಯಾಗ ಅಂದರ ಗ್ವಾಡಿ ಮಾಡಲಿಲ್ಲವಾ. ನಮ್ಮ ಸೊಸಿ ಮಾಡ್ಯಾಳ. ಅವನ ಬೆರಳ ನೋಡು, ಅವನೇನ್ ಮಾಡ್ತಾನ?"

ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಆ ಹೆಣ್ಣುಮಗಳು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳಿನ ಮಸಿ ನನ್ನ ಬೆರಳಿಗೂ ಹತ್ತಿತು. "ಅಕ್ಕಾ, ನಿಮಗ ಬರಿಯಾಕ ಬರ್ತೈತೇನ್ರಿ?" ಅಂತ ಕೇಳಿದಳು. ಮೂರನೇ ಇಯತ್ತೆಯವರೆಗೆ ಕಲಿತಿದ್ದೇನೆ, ಈಗ ರೂಢಿ ತಪ್ಪಿದೆ ಅಂದೆ. "ಹಂಗಾರ ನಿಮಗೂ ಒಂದು ಮಾಡಿಕೋರಿ," ಅಂದಳು. ನಾನು ಮಾಡಿಕೊಂಡೆ. ಮಸಿ ಕೊಳ್ಳುವುದಕ್ಕೆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ.

ಅವಳ ಸಾಲೆಯಿಂದ ಇನ್ನಿಬ್ಬರು ಬಾಯಾರು, ಅಂದರೆ ಕಲಿಸುವ ಹೆಣ್ಣುಮಕ್ಕಳು, ತಮಗೂ ಟಾಕು ಬೇಕೆಂದು ಹೇಳಿ ಕಳಿಸಿದರು. ಆಮೇಲೆ ಧಾರವಾಡದಿಂದ, ಬೆಂಗೇರಿಯಿಂದ ಜನ ಬಂದರು. ಆ ದಿಮ್ಮಿ ಮುಗಿಯುವವರೆಗೂ ಕರಿ ಟಾಕು ಮಾಡಿದೆವು, ಮುಗಿದ ಮೇಲೆ ಬೀಟೆಯಲ್ಲಿ ಮಾಡಿದೆವು. ನಮ್ಮವರ ಬೆರಳು ಯಾವಾಗಲೋ ವಾಸಿಯಾಗಿತ್ತು. ತೊಟ್ಟಿಲ ಕಾಲಿಗೆ ಅವರು ಉಳಿ ಹಿಡಿಯುತ್ತಿದ್ದರು, ನಾನು ಹಗ್ಗ. ಟಾಕಿಗೆ ನಾನು ಉಳಿ, ಅವರು ಹಗ್ಗ. ಬೀದಿ ಬಾಗಿಲು ತೆರೆದೇ ಇರುತ್ತಿತ್ತು. ಗಿರಾಕಿ ಬಂದು ಟಾಕು ಅಂದರೆ ಅವರು ತಲೆ ಎತ್ತದೆ, "ಅದನ್ನ ಆಕೀನ್ನ ಕೇಳ್ರಿ," ಅನ್ನುತ್ತಿದ್ದರು. ನಾನು ಬಂದವರ ಕೈಗೆ ಒಂದು ಕಡ್ಡಿ ಕೊಟ್ಟು, "ಬರಿಯೂಮುಂದ ಹ್ಯಾಂಗ ಹಿಡೀತೀರಿ, ತೋರಸ್ರಿ," ಅನ್ನುತ್ತಿದ್ದೆ.