ಗೆಲುವಿನ ವರದಿ

ದೋಹಾದ ಐನ್ ಖಾಲಿದ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಪುತ್ತೂರಿನವರು ಬೇಸ್‌ಬಾಲ್ ತಂಡವೊಂದರ ಮಾಧ್ಯಮ ಅಧಿಕಾರಿ. ಮಾತಿಗೆ ಮುಂಚೆ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಳ್ಳುವುದು ಅವರ ಅಭ್ಯಾಸ. ನಾನು ಕ್ರೀಡಾ ಸಂವಹನ ಓದಬೇಕೆಂದಾಗ, "ಒಂದು ಮ್ಯಾಚಿಗೆ ಬಾ ಮಾರಾಯ್ತಿ, ನೋಡಿ ಆಮೇಲೆ ಹೇಳು" ಎಂದು ಕರೆದುಕೊಂಡು ಹೋದರು.

ಗ್ಯಾಲರಿ ಮುಕ್ಕಾಲು ಖಾಲಿಯಿತ್ತು. ಸ್ಕೋರ್ ಕಳಿಸುವುದು, ಫೋಟೋ ಆರಿಸುವುದು ಎಲ್ಲವನ್ನೂ ತೋರಿಸುತ್ತ, "ನಮಗೆ ಆಟ ನೋಡ್ಲಿಕ್ಕೆ ಪುರುಸೊತ್ತಿಲ್ಲ" ಎನ್ನುತ್ತಲೇ ಇದ್ದರು. ನಡುವೆ ಅವರಿಗೊಂದು ಫೋನ್ ಬಂತು. ಆಟಗಾರರ ಫೋನುಗಳೆಲ್ಲ ಲಾಕರಿನಲ್ಲಿದ್ದುದರಿಂದ, ಚೆಂಡೆಸೆಯುತ್ತಿದ್ದ ನೇಪಾಳಿ ಆಟಗಾರನ ರೂಮ್‌ಮೇಟ್ ಇವರಿಗೆ ಕರೆ ಮಾಡಿದ್ದ. ಊರಲ್ಲಿ ಆ ಆಟಗಾರನ ತಂದೆ ತೀರಿಕೊಂಡಿದ್ದರು.

ಅವರು ತಂಡದ ಮ್ಯಾನೇಜರ್ ಬಳಿ ಓಡಿದರು. "ಮ್ಯಾಚ್ ಖಲಾಸ್ ಆಗ್ಲಿ" ಎಂದು ಮ್ಯಾನೇಜರ್ ಕೈಬೀಸಿ ಕಳಿಸಿಬಿಟ್ಟರು. ಮರಳಿ ಬಂದವರು ಕನ್ನಡಕ ಒರೆಸುತ್ತ ಕೂತರು. "ಈಗಲೇ ಹೇಳಿ ಅಂಕಲ್" ಎಂದೆ. ಅವರು ಮುಂದಿನ ಸ್ಕೋರ್ ಕಳಿಸಿದರು.

ಆ ನೇಪಾಳಿಯ ಎಸೆತಗಳಿಂದಲೇ ತಂಡ ಗೆದ್ದಿತು. ಆಟಗಾರ ಬೆವರೊರೆಸಿಕೊಂಡು ನಗುತ್ತ ಬಂದು, "ಒಂದು ಫೋಟೋ ತೆಗೀರಿ ಸಾರ್, ಅಪ್ಪನಿಗೆ ಕಳಿಸ್ಬೇಕು" ಎಂದು ಹಿಂದಿಯಲ್ಲಿ ಕೇಳಿದ. ಅವರು ಕ್ಯಾಮೆರಾ ಎತ್ತಿದರು, ಹಾಗೇ ಇಳಿಸಿದರು. ಭುಜ ಹಿಡಿದು ಗೋಡೆಯ ಬದಿಗೆ ಕರೆದು ಸುದ್ದಿ ಹೇಳಿದರು.

ಆತ ಕೇಳಿದ, "ನಿಮಗೆ ಯಾವಾಗ ಗೊತ್ತಾಯಿತು?"

ಈಗ ತಾನೇ ಎನ್ನಬಹುದಿತ್ತು. "ಮ್ಯಾಚಿನ ನಡುವೆ" ಎಂದರು.

ಆತ ಅವರ ಕೈಯನ್ನು ತನ್ನ ಭುಜದಿಂದ ತೆಗೆದು ಹೊರಟುಹೋದ. ಅವರು ಮೇಜಿಗೆ ಮರಳಿ, ಪತ್ರಿಕೆಗಳಿಗೆ ಕಳಿಸಬೇಕಿದ್ದ ಗೆಲುವಿನ ವರದಿ ಬರೆಯತೊಡಗಿದರು. ಮೊದಲ ಸಾಲಿನಲ್ಲಿ ಆತನದೇ ಹೆಸರಿತ್ತು.