ಜಗಳ ಕಲಿಸಿದ ದೊಡ್ಡ ದೀದಿ

ಮೊನ್ನೆ ಕೋಲ್ಕತ್ತದ ಬೆಹಾಲಾದ ಔಷಧಿ ಅಂಗಡಿಯಲ್ಲಿ ಸರದಿಗೆ ನಿಂತಿದ್ದೆ. ನನ್ನ ಮುಂದಿದ್ದ ಹಿರಿಯರೊಬ್ಬರಿಗೆ ಮನೆ ಮುಟ್ಟುವ ತನಕ ತಡೆಯಲಾಗಲಿಲ್ಲವೋ ಏನೋ, ಕೊಂಡ ಬಾಟಲಿಯ ಮುಚ್ಚಳವನ್ನು ಅಲ್ಲೇ ತಿರುಗಿಸಿ ಗಂಟಲಿಗೆ ಸುರಿದುಕೊಂಡರು. ಓಮದ ಅರ್ಕ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬೆನ್ನು ನೆಟ್ಟಗೆ ಮಾಡಿ ನಿಂತೆ. "ಬಗ್ಗಿ ನಿಂತವರು ಅರ್ಧ ಸೋತ ಹಾಗೇ" ಎಂದು ಯಾರೋ ಹಿಂದಿನಿಂದ ಗದರಿದಂತಾಯಿತು... ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಹಾಗೆ ಗದರುತ್ತಿದ್ದವರನ್ನು ನಾವೆಲ್ಲ ದೊಡ್ಡ ದೀದಿ ಎನ್ನುತ್ತಿದ್ದೆವು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ತಮ್ಮ ಹೊಟ್ಟೆಯುಬ್ಬರದ ಬಗ್ಗೆ ಯೋಚಿಸುವ ಬದಲು, ಬೆಹಾಲಾದ ಒಂದು ಹಳೆಯ ಎರಡಂತಸ್ತಿನ ಮನೆಯ ಮೇಲ್ವಿಚಾರಣೆಗೆ ಬಂದಿದ್ದರು. ಅನಾಥಾಲಯದಲ್ಲಿ ಬೆಳೆದ ಹುಡುಗಿಯರಿಗೆ ಹದಿನೆಂಟು ತುಂಬಿದರೆ ಅಲ್ಲಿ ಜಾಗವಿಲ್ಲ, ಹೊರಗೆ ತಮ್ಮವರು ಅಂತ ಯಾರೂ ಇಲ್ಲ. ಅಂಥವರು ಒಂದು ಕೆಲಸ ಹಿಡಿದು, ಬಾಡಿಗೆಗೊಂದು ಕೋಣೆ ಹುಡುಕಿಕೊಳ್ಳುವ ತನಕ ಇರಲಿ ಅಂತ ಸಂಸ್ಥೆಯೊಂದು ನಡೆಸುತ್ತಿದ್ದ ಮನೆ ಅದು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಓಣಿಯವರು ಮಾತ್ರ ಹುಡುಗಿಯರ ಮೆಸ್ಸು ಅನ್ನುತ್ತಿದ್ದರು.

ನನ್ನ ಯಜಮಾನರಿಗೆ ಕೇಂದ್ರ ಸರ್ಕಾರದ ಕೆಲಸ, ವರ್ಗವಾಗಿ ಕೋಲ್ಕತ್ತಕ್ಕೆ ಬಂದವರು. ನಾನು ಮೈಸೂರಿನಲ್ಲಿ ಸಮಾಜಕಾರ್ಯ ಓದಿದ್ದೆ. ಆ ಓದನ್ನು ನಂಬಿ ಸಂಸ್ಥೆಯವರು ನನ್ನನ್ನು ಕೇಸ್ ವರ್ಕರ್ ಮಾಡಿಕೊಂಡರು. ಒಬ್ಬೊಬ್ಬ ಹುಡುಗಿಗೂ ಗುರುತಿನ ಚೀಟಿ, ಬ್ಯಾಂಕಿನ ಖಾತೆ, ಕೆಲಸ, ಕೋಣೆ ಎಲ್ಲ ಆಗುವ ತನಕ ಬೆನ್ನು ಹತ್ತುವುದು ನನ್ನ ಉದ್ಯೋಗ. ನನ್ನ ಬಂಗಾಳಿ ಕೇಳಿದ ಮೊದಲ ದಿನ ದೊಡ್ಡ ದೀದಿ ಕಣ್ಣು ಮುಚ್ಚಿಕೊಂಡು, "ಪರವಾಗಿಲ್ಲ, ಹುಡುಗಿಯರಿಗೆ ಸಹನೆ ಕಲಿಸೋಕೆ ಇದೂ ಒಂದು ದಾರಿ" ಎಂದಿದ್ದರು.

ಈ ಹುಡುಗಿಯರಿಗೆ ಎಲ್ಲ ಬರುತ್ತಿತ್ತು. ಹೊಲಿಗೆ ಬರುತ್ತಿತ್ತು, ಕಂಪ್ಯೂಟರ್ ಬರುತ್ತಿತ್ತು, ಯಾರಾದರೂ ಅತಿಥಿಗಳು ಬಂದರೆ ಸಾಲಾಗಿ ನಿಂತು ಹಾಡಲೂ ಬರುತ್ತಿತ್ತು. ಬರದೇ ಇದ್ದದ್ದು 'ಇಲ್ಲ' ಅನ್ನುವುದು. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಉಣ್ಣು ಅಂತ ಬೆಳೆದ ಜೀವಗಳು. ದೊಡ್ಡವರು ಏನೇ ಅಂದರೂ ಅವರ ಬಾಯಲ್ಲಿ "ಆಚ್ಛಾ ದೀದಿ."

ಅವರಲ್ಲೂ ಮಾಂಪಿ ಎಂಬ ಹುಡುಗಿಯದು ಕೋಲೆಬಸವನ ಪಂಗಡ. ಆಲೂಗಡ್ಡೆ ತರಲು ಕಳಿಸಿದರೆ ಕುಂಬಳಕಾಯಿ ಹೊತ್ತುಕೊಂಡು ಬಂದಳು. ಅಂಗಡಿಯವನು "ಇದನ್ನ ತಗೊಂಡು ಹೋಗು" ಅಂದನಂತೆ. ಹುಬ್ಬು ತಿದ್ದಿಸಿಕೊಳ್ಳಲು ಪಾರ್ಲರಿಗೆ ಹೋದವಳು ಜಡೆ ಕತ್ತರಿಸಿಕೊಂಡು ಬಂದಳು. ಪಾರ್ಲರಿನವಳು ನಿನ್ನ ಮುಖಕ್ಕೆ ಇದೇ ಚೆಂದ ಅಂದಳಂತೆ. ಒಂದು ದಿನ ಬಸ್ಸಿನಲ್ಲಿ ಕಂಡಕ್ಟರ್ "ಹಿಂದೆ ಹೋಗಿ, ಹಿಂದೆ ಹೋಗಿ" ಅಂದ ಅಂತ ಹಿಂದಕ್ಕೆ ಹೋಗಿ ನಿಂತವಳು, ತನ್ನ ಸ್ಟಾಪು ದಾಟಿ ಕೊನೆಯ ಸ್ಟಾಪಿನಲ್ಲಿ ಇಳಿದಳು. ಯಾಕೆ ಅಂತ ಕೇಳಿದರೆ, "ಮುಂದೆ ಬಾ ಅಂತ ಯಾರೂ ಹೇಳಲಿಲ್ಲ ದೀದಿ" ಎಂದಳು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೊಡ್ಡ ದೀದಿ ನಗಲಿಲ್ಲ. "ಇವತ್ತು ಬಸ್ಸಿನವನು ಹಿಂದೆ ಹೋಗು ಅಂದ, ಹೋದಳು. ನಾಳೆ ಯಾವನೋ ಒಬ್ಬ ನನ್ನ ಜತೆ ಬಾ ಅಂತಾನೆ. ಆಗ?" ಎಂದರು. ಹಾಗೆ ಯಾರದೋ ಒಂದು ಮಾತಿಗೆ ಎದ್ದು ಹೋದ ಹುಡುಗಿಯೊಬ್ಬಳು ಹಿಂದೆ ಆ ಮನೆಯಲ್ಲೇ ಇದ್ದಳು. ಅವಳನ್ನು ಹುಡುಕಿಕೊಂಡು ದೊಡ್ಡ ದೀದಿಯೂ ನಾನೂ ಎಲ್ಲೆಲ್ಲೋ ಅಲೆದಿದ್ದೆವು... ಸಿಗಲಿಲ್ಲ.

ಆ ವಾರವೇ ಮಹಡಿಯ ಮೇಲೆ ಜಗಳದ ತರಗತಿ ಶುರುವಾಯಿತು. ಸಂಸ್ಥೆಯ ಕಚೇರಿಯವರು ಗಾಬರಿಯಾಗಿ, ಅದಕ್ಕೆ ಬೇರೆ ಹೆಸರಾದರೂ ಇಡಿ ಎಂದು ಬೇಡಿಕೊಂಡರು. "ಮೀನಿಗೆ ಬದನೆಕಾಯಿ ಅಂತ ಹೆಸರಿಟ್ಟರೆ ಮುಳ್ಳು ಹೋಗುತ್ತಾ?" ಎಂದು ಕೇಳಿ ದೊಡ್ಡ ದೀದಿ ಫೋನ್ ಇಟ್ಟರು.

ಸಂಜೆ ಟೀ, ಮಂಡಕ್ಕಿ ಆದ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಡಿಲಲ್ಲಿ ಛತ್ರಿ, ಪಕ್ಕದಲ್ಲಿ ಅರ್ಕದ ಬಾಟಲಿ. ಅವರ ಜಗಳಕ್ಕೆ ಕಟ್ಟುನಿಟ್ಟಾದ ಶಾಸ್ತ್ರವಿತ್ತು. ಗೌರವದಿಂದ ಶುರು ಮಾಡಬೇಕು, ಎದುರಿಗಿರುವವರು ಎಂಥವರೇ ಆಗಲಿ ಮೊದಲು ಅಣ್ಣನೆಂದು ದಾದಾ, ಚಿಕ್ಕಮ್ಮನೆಂದು ಮಾಶಿಮಾ, ಚಿಕ್ಕಪ್ಪನೆಂದು ಮೇಶೋಮಶಾಯ್ ಅನ್ನಬೇಕು. ಯಾರ ಅಪ್ಪ ಅಮ್ಮನ ಸುದ್ದಿಗೂ ಹೋಗಬಾರದು. ಅಳಬಾರದು. ಕಾಲು ಊರಿದ ಜಾಗ ಬಿಟ್ಟು ಕದಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಮೊದಲು ಹೊರಟು ಹೋಗುತ್ತಾರೋ ಅವರು ಸೋತಂತೆ.

ಎದುರಾಳಿ ನಾನು. ಒಂದು ದಿನ ಮೀನಿನವಳು, ಇನ್ನೊಂದು ದಿನ ಕಂಡಕ್ಟರ್, ಮತ್ತೊಂದು ದಿನ ಮನೆ ಮಾಲೀಕರ ಹೆಂಡತಿ. ಎಲ್ಲ ವೇಷದಲ್ಲೂ ಸೋಲುತ್ತಿದ್ದೆ. ಹುಡುಗಿಯರು ಎರಡು ಮಾತಾಡುವಷ್ಟರಲ್ಲಿ ನನ್ನ ಬಾಯಿಂದ "ಹೋಗ್ಲಿ ಬಿಡಿ" ಬಂದುಬಿಡುತ್ತಿತ್ತು, ಅದೂ ಕನ್ನಡದಲ್ಲಿ.

"ನಿಮ್ಮ ಊರಲ್ಲಿ ಜನ ಜಗಳವನ್ನೇ ಆಡಲ್ವಾ?" ಎಂದರು ದೊಡ್ಡ ದೀದಿ ಒಮ್ಮೆ.

"ಆಡ್ತೀವಿ. ಕೋಪ ಬಂದ್ರೆ ಮಾತು ಬಿಡ್ತೀವಿ, ಊಟ ಬಿಡ್ತೀವಿ" ಎಂದೆ.

"ಅದು ಜಗಳ ಅಲ್ಲ, ಏಕಾದಶಿ" ಎಂದರು.

ನಾನು ಬಿಡಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯನ್ನು ಬಂಗಾಳಿಗೆ ತಿರುಗಿಸಿ ಹೇಳಿದೆ. ರೋಗವೂ ಜಗಳವೂ ಎರಡೂ ಇದ್ದ ಆ ಮಹಾತಾಯಿ, "ಈ ಮಾತು ಹೇಳಿದವನು ಬೆಹಾಲಾದ ಮಿನಿಬಸ್ ಹತ್ತಿಲ್ಲ" ಎಂದು ತೀರ್ಪು ಕೊಟ್ಟರು. ಮನೆಗೆ ಹೋಗಿ ಯಜಮಾನರಿಗೆ ಹೇಳಿದರೆ, "ಅಲ್ಲಿ ಕಲ್ತಿದ್ದನ್ನ ಅಲ್ಲೇ ಬಿಟ್ಟು ಬಾ ಕಣೇ, ಮನೇಗೆ ತರಬೇಡ" ಎಂದರು.

ಉಳಿದ ಹುಡುಗಿಯರೆಲ್ಲ ಪಳಗಿದರು. ಸಾಬಿನಾ ಎಂಬುವಳಂತೂ ಗೋಡೆಯ ಜತೆಗೂ ಜಗಳವಾಡಿ ಗೆಲ್ಲುವ ಮಟ್ಟಕ್ಕೆ ಬಂದಳು. ಮಾಂಪಿ ಮಾತ್ರ ಎದ್ದು ನಿಂತು, ಗೌರವದಿಂದ ಶುರು ಮಾಡಿ, ಗೌರವದಲ್ಲೇ ಮುಗಿಸಿ ಕೂತುಬಿಡುತ್ತಿದ್ದಳು. ಅವಳು ನಮ್ಮಲ್ಲಿ ಇರಬಹುದಾದ ಅವಧಿ ಮುಗಿಯುತ್ತ ಬಂದಿತ್ತು, ಒಮ್ಮೆ ಮುಂದುವರಿಸಿಯೂ ಆಗಿತ್ತು. ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು ನಿಜ. ಆದರೆ ಈ ಹುಡುಗಿ ಒಬ್ಬಳೇ ಹೊರಗೆ ಹೋದರೆ ಏನಾದಾಳು ಎಂಬ ಚಿಂತೆ ದೊಡ್ಡ ದೀದಿಯ ಹೊಟ್ಟೆಗೆ ಇಳಿಯಿತು. ಅರ್ಕದ ಬಾಟಲಿ ಬೇಗ ಬೇಗ ಖಾಲಿಯಾಗತೊಡಗಿತು.

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಕಾಳಿಘಾಟ್ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಅವರ ಚಿಕ್ಕಪ್ಪನ ಮಗಳೊಬ್ಬರು ಒಂಟಿಯಾಗಿದ್ದರು. ಕೆಳಗಿನ ಕೋಣೆ ಖಾಲಿ ಇತ್ತು. ಗೊತ್ತಿದ್ದವರ ಮನೆ, ಭದ್ರವಾದ ಬಾಗಿಲು. ಮಾಂಪಿಯನ್ನು ಕರೆದುಕೊಂಡು ಹೋಗಿ ತೋರಿಸಿದರು. ಅವಳು ತಲೆಯಾಡಿಸಿದಳು. ನಮಗೆಲ್ಲ ಜೀವ ಬಂದಂತಾಯಿತು.

ಹೊರಡುವ ದಿನ ಹಳದಿ ಟ್ಯಾಕ್ಸಿ ಬಂದು ಗೇಟಿನ ಮುಂದೆ ನಿಂತಿತು. ಟ್ರಂಕು ಒಳಗೆ ಹೋಯಿತು, ಹಾಸಿಗೆ ಸುರುಳಿ ಹೋಯಿತು. ಮಾಂಪಿ ಹೋಗಲಿಲ್ಲ.

"ದೊಡ್ಡ ದೀದಿ, ನಿಮ್ಮ ಮೇಲೆ ನನಗೆ ತುಂಬಾ ಗೌರವ ಇದೆ. ನಾನು ಅಲ್ಲಿಗೆ ಹೋಗಲ್ಲ."

ದೊಡ್ಡ ದೀದಿಗೆ ಮೂಗಿನ ಮೇಲೇ ಕೋಪ. ಈ ವಯಸ್ಸಿನಲ್ಲಿ, ಈ ಹೊಟ್ಟೆ ಇಟ್ಟುಕೊಂಡು, ಯಾರ ಯಾರ ಮೆಟ್ಟಿಲು ಹತ್ತಿ ಇಳಿದಿದ್ದೇನೆ ಗೊತ್ತೇನೇ ಎಂದು ಶುರು ಮಾಡಿದವರು ಛತ್ರಿಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಮಾತಾಡಿದರು. ಎದುರು ಮನೆಗಳ ಬಾಲ್ಕನಿಗಳು ತುಂಬಿದವು. ಮಾಂಪಿ ಅವರ ಮಾತು ಮುಗಿಯುವ ತನಕ ಕಾದಳು.

"ನಿಮ್ಮ ತಂಗಿ ನನಗೆ ಮೊದಲು ತೋರಿಸಿದ್ದು ನೆಲ ಒರೆಸೋ ಬಟ್ಟೆ, ಬಕೆಟ್ಟು. ಕೋಣೆ ತೋರಿಸಿದ್ದು ಆಮೇಲೆ."

ಬಾಲ್ಕನಿಗಳಲ್ಲಿ ಗುಸುಗುಸು ಎದ್ದಿತು. ಟ್ಯಾಕ್ಸಿಯವನು ಇಂಜಿನ್ ಆರಿಸಿ, ಬಾಗಿಲಿಗೆ ಒರಗಿ ಆರಾಮವಾಗಿ ನಿಂತ. ಲುಂಗಿಯುಟ್ಟ ಹಿರಿಯರೊಬ್ಬರು ಗುಂಪು ಸೀಳಿಕೊಂಡು ಬಂದು, "ಮೊದಲಿಂದ ಹೇಳಮ್ಮಾ, ನಾನು ಈಗಷ್ಟೇ ಬಂದೆ" ಎಂದರು. ಮಾಂಪಿ ಅವರಿಗಾಗಿ ಮೊದಲಿನಿಂದ ಹೇಳಿದಳು! ಬಕೆಟ್ಟಿನ ತನಕ ಬಂದು, ಮುಂದುವರಿಸಿದಳು.

"ದೀಪ ಹಚ್ಚೋ ಹೊತ್ತಿಗೆ ಗೇಟಿಗೆ ಬೀಗ ಹಾಕ್ತಾರಂತೆ. ನಮ್ಮ ಅಂಗಡಿ ಮುಚ್ಚೋದೇ ಆಮೇಲೆ. ಒಂದು ಅನಾಥಾಲಯದಿಂದ ಇನ್ನೊಂದಕ್ಕೆ ಹೋಗೋಕೆ ಇಷ್ಟೆಲ್ಲ ಕಲಿಸಿದ್ರಾ ದೊಡ್ಡ ದೀದಿ? ಸಾಬಿನಾ, ನಾನು ಸೇರಿ ಇಲ್ಲೇ ಬೆಹಾಲಾದಲ್ಲಿ ಕೋಣೆ ಹುಡುಕ್ತೀವಿ. ಸಿಗೋ ತನಕ ಟ್ರಂಕು ಇಲ್ಲೇ ಇರುತ್ತೆ."

ದೊಡ್ಡ ದೀದಿ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ತಿರುಗಿ, ದಡದಡನೆ ಒಳಗೆ ಹೋಗಿಬಿಟ್ಟರು.

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಶಾಸ್ತ್ರ ಎಲ್ಲರಿಗೂ ಗೊತ್ತಿತ್ತು, ಮಹಡಿಯ ತರಗತಿ ಸುತ್ತಲಿನ ಮನೆಗಳಿಗೆಲ್ಲ ಕೇಳಿಸುತ್ತಿತ್ತಲ್ಲ! ಗೊತ್ತಿಲ್ಲದ ಟ್ಯಾಕ್ಸಿಯವನೇ ತೀರ್ಪು ಕೊಟ್ಟ. "ಮಾತಾಜಿ ಸೋತ್ರು" ಎಂದು ಹಿಂದಿಯಲ್ಲಿ ಹೇಳಿ, ಯಾರೂ ಕೇಳದೆ ತಾನೇ ಟ್ರಂಕನ್ನು ಕೆಳಗಿಳಿಸಿದ.

ನಾನು ಓಡಿದೆ. ದೊಡ್ಡ ದೀದಿ ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು. ಅವಮಾನವಾಗಿದೆ, ಸಮಾಧಾನ ಮಾಡೋಣ ಎಂದು ಹೋದವಳಿಗೆ ಕೇಳಿಸಿದ್ದು ಬೇರೆಯೇ.

"ನೋಡಿದೆಯಾ? ಗೌರವದಿಂದ ಶುರು ಮಾಡಿದಳು. ಕಾಲು ಕದಲಿಸಲಿಲ್ಲ. ಒಂದು ಸಲಾನೂ ಅಳಲಿಲ್ಲ..."

ಅಳಬಾರದು ಅಂತ ಶಾಸ್ತ್ರ ಬರೆದವರು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಒಲೆಯ ಮುಂದೆ ನಿಂತು ಅತ್ತೆವು, ಸಂತೋಷಕ್ಕೆ. ಆಮೇಲೆ ಅವರು ಮೂಗು ಒರೆಸಿಕೊಂಡು, "ಆದ್ರೂ ಆ ಬಕೆಟ್ಟಿನ ವಿಷಯ ಕೊನೇಲಿ ಹೇಳ್ಬೇಕಿತ್ತು. ಮೊದಲೇ ಖರ್ಚು ಮಾಡಿಬಿಟ್ಟಳು, ಪೆದ್ದಿ" ಎಂದರು.

ಕಚೇರಿಯವರು ಅವಧಿ ಮುಗಿಯಿತು ಅಂದಾಗ, ಟ್ರಂಕಿನ ಪರವಾಗಿ ಅವರ ಜತೆ ಜಗಳವಾಡಿದ್ದು ದೊಡ್ಡ ದೀದಿಯೇ. ಹುಡುಗಿಯರು ಕೋಣೆ ನೋಡಲು ಹೋದಲ್ಲೆಲ್ಲ ಒಂದೇ ಪ್ರಶ್ನೆ. ಅಪ್ಪ ಅಮ್ಮ ಎಲ್ಲಿ? ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಒಬ್ಬ ಮುದುಕರು ಕೇಳಿದಾಗ ಮಾಂಪಿ, "ನಮಗೂ ಗೊತ್ತಿಲ್ಲ ಮೇಶೋಮಶಾಯ್. ಸಿಕ್ಕರೆ ನಿಮಗೇ ಮೊದಲು ಹೇಳ್ತೀವಿ. ಅಲ್ಲೀ ತನಕ ಕೋಣೆ ಕೊಡಿ" ಎಂದಳಂತೆ. ಅವರು ಅವಳ ಮುಖ ನೋಡಿ ಬೀಗದ ಕೈ ಕೊಟ್ಟರಂತೆ. ಓಣಿಯ ತಿರುವಿನಲ್ಲಿ, ಬರಕೂಡದು ಎಂದು ಹುಡುಗಿಯರಿಂದ ಆಜ್ಞೆಯಾಗಿದ್ದರೂ, ಒಂದು ಛತ್ರಿ ಅಡಗಿ ನಿಂತಿತ್ತು. ಪಕ್ಕದಲ್ಲಿ ನಾನೂ ಇದ್ದೆ.

ಕೆಲವು ವರ್ಷಗಳಾದ ಮೇಲೆ ದೊಡ್ಡ ದೀದಿಯ ಹೊಟ್ಟೆನೋವು ನಿಜವಾದ ಕಾಯಿಲೆ ಎಂದು ಗೊತ್ತಾಯಿತು. ಅಷ್ಟು ವರ್ಷ ಅದನ್ನು ತಮಾಷೆ ಮಾಡಿದ್ದೆವು... ಅವರೂ ಮಾಡಿದ್ದರು. ಆಸ್ಪತ್ರೆಗೆ ಸೇರಿಸಿದರು. ಆ ವಾರ್ಡಿಗೆ ರಕ್ತಸಂಬಂಧಿಗಳನ್ನು ಮಾತ್ರ ಬಿಡುವುದು ನಿಯಮ. ನಾನು ನಿಯಮ ಓದಿ, ಹೋಗ್ಲಿ ಬಿಡಿ ಅಂದುಕೊಂಡು, ಬೆಂಚಿನ ಮೇಲೆ ಕೂತಿದ್ದೆ. ಮಾಂಪಿ ಬಂದಳು.

"ನೀವು ಅವರಿಗೆ ಏನಾಗಬೇಕು?" ಎಂದು ಬಾಗಿಲ ಬಳಿಯ ಹೆಂಗಸು ಕೇಳಿದಳು.

"ಅದು ನನಗೂ ಸರಿಯಾಗಿ ಗೊತ್ತಿಲ್ಲ ದೀದಿ. ಒಳಗಿರೋರನ್ನೇ ಕೇಳಿ ಬನ್ನಿ, ನಾನು ಇಲ್ಲೇ ನಿಂತಿರ್ತೀನಿ."

ಮಾತು ಬೆಳೆಯಿತು. ಕೊನೆಗೆ ಆ ಹೆಂಗಸು ಬೇಸತ್ತು ನಿಜವಾಗಿಯೂ ಒಳಗೆ ಹೋಗಿ ಕೇಳಿ ಬಂದಳು. ಬಂದಾಗ ಮುಖದಲ್ಲಿ ನಗುವಿತ್ತು. "ಭಾರಿ ಜಗಳಗಂಟಿ, ನಮ್ಮನೆ ಹುಡುಗಿ, ಬಿಟ್ಟುಬಿಡಿ ಅಂತಾರೆ. ಬೆಂಚಿನ ಮೇಲೆ ಸುಮ್ಮನೆ ಕೂತಿರೋ ಮದ್ರಾಸಿ ಒಬ್ಬಳು ಇದ್ದರೆ ಅವಳನ್ನೂ ಕಳಿಸಬೇಕಂತೆ." ಮೈಸೂರು ಮದ್ರಾಸಿನಲ್ಲಿಲ್ಲ ಎಂಬ ಒಂದು ಜಗಳ ಮಾತ್ರ ದೊಡ್ಡ ದೀದಿಯ ಜತೆ ಮೊದಲ ದಿನದಿಂದ ಆಡುತ್ತ ಬಂದಿದ್ದೆ. ಅದೂ ಇತ್ಯರ್ಥವಾಗಲಿಲ್ಲ. ಆ ತಿಂಗಳಲ್ಲೇ ಅವರು ಹೋದರು.

ಈಗ ಮಹಡಿಯ ತರಗತಿ ನನ್ನದು. ದೊಡ್ಡ ದೀದಿಯ ಕಾಲುಧೂಳಿಗೂ ಸಮವಿಲ್ಲ, ಹೇಗೋ ನಡೆಸುತ್ತೇನೆ. ಔಷಧಿ ಅಂಗಡಿಯಿಂದ ಹಿಂದಿರುಗಿದ ಆ ಸಂಜೆ, ಹೊಸದಾಗಿ ಬಂದ ಒಬ್ಬ ಹುಡುಗಿಗೆ ಇನ್ನೆರಡು ಹಿಡಿ ಮಂಡಕ್ಕಿ ಹಾಕಲು ಹೋದೆ. ಬಂದಾಗಿನಿಂದ ಹೂಂ ಬಿಟ್ಟು ಬೇರೆ ಮಾತಾಡದವಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ನನಗೆ ಬೇಡ ದೀದಿ" ಎಂದಳು. ಅಷ್ಟೇ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಯಾರಿಗಾದರೂ ಹೇಳಲೇಬೇಕಿತ್ತು, ಮಾಂಪಿಗೆ ಫೋನ್ ಮಾಡಿದೆ.

ಅವಳು ಅಂಗಡಿಯಲ್ಲಿದ್ದಳು. ಕೇಳಿ ಜೋರಾಗಿ ನಕ್ಕಳು. ಆಮೇಲೆ, "ದೊಡ್ಡ ದೀದಿ ಇರ್ಬೇಕಿತ್ತು" ಎಂದಳು. ಅವರಿಲ್ಲದ್ದು ನನಗೆ ಇನ್ನೂ ರೂಢಿಯಾಗಿಲ್ಲ, ಅವಳಿಗೂ ಆಗಿಲ್ಲ. ಅಷ್ಟರಲ್ಲಿ ಅತ್ತ ಕಡೆಯಿಂದ ಯಾರೋ ಗಿರಾಕಿ, ಸೀರೆಯ ಬಣ್ಣ ಹೋಯಿತೆಂದು ಕೂಗಾಡುವ ದನಿ ಕೇಳಿಸಿತು.

"ಒಂದ್ನಿಮಿಷ ಇರಿ ದೀದಿ" ಎಂದಳು ಮಾಂಪಿ. ಫೋನನ್ನು ಪಕ್ಕಕ್ಕಿಟ್ಟ ಸದ್ದಾಯಿತು. ಗಂಟಲು ಸರಿಮಾಡಿಕೊಂಡು, ತುಂಬ ಗೌರವದಿಂದ, "ನೋಡಿ ಮಾಶಿಮಾ..." ಎಂದು ಶುರು ಮಾಡಿದಳು.

ನಾನು ಫೋನ್ ಇಡಲಿಲ್ಲ. ಜಗಳ ಮುಗಿಯುವ ತನಕ ಕೇಳುತ್ತ ನಿಂತೆ.