ಕರಿಮರದ ಸರ ಎಂದಿದ್ದೆನಲ್ಲ, ಅದು

ಸುನಂದಾ, ನಿನ್ನ ಕೊರಳಿಗೆ ಗುಳ್ಳೆ ಎಬ್ಬಿಸಿದವಳು ನಾನು. ನಿನ್ನ ಚರ್ಮಕ್ಕೆ ಯಾವ ರೋಗವೂ ಇಲ್ಲ — ಅಂದೂ ಇರಲಿಲ್ಲ. ಉಗುಳಲೂ ಆಗದೆ ನುಂಗಲೂ ಆಗದೆ ಇಷ್ಟು ವರ್ಷ ಕಳೆದೆ. ಇನ್ನು ನನ್ನಿಂದಾಗದು.

ಗಂಡನ ತಂಗಿ ಎಂದು ಒಂದು ದಿನವೂ ನಿನ್ನನ್ನು ಬೇರೆ ಮಾಡಿ ನೋಡಿದವಳಲ್ಲ ನಾನು. ನಿನ್ನ ನಿಶ್ಚಯಕ್ಕೆ ಕರಿಮರದ ಸರ ಮಾಡಿಕೊಡುತ್ತೇನೆಂದು ನಾನಾಗಿಯೇ ಮಾತು ಕೊಟ್ಟೆ. ಬಾಲ್ಕನಿಯಲ್ಲಿ ಸಣ್ಣ ಗರಗಸ, ಅರ, ಕೈಯಿಂದ ತಿರುಗಿಸುವ ಬೈರಿಗೆ ಇಟ್ಟುಕೊಂಡು ಕಟ್ಟಿಗೆಯ ಓಲೆ, ಪದಕ ಮಾಡುತ್ತಿದ್ದವಳಿಗೆ ಜಂಬ ಬೇರೆ! ಧಾರವಾಡದ ನೆಂಟರಿಗೆಲ್ಲ ಫೋನಿನಲ್ಲಿ ಸಾರಿಬಿಟ್ಟಿದ್ದೆ. ಆದರೆ ಕರಿಮರ ಪುಣೆಯಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಗಲಿಲ್ಲ ಎಂದು ಹೇಳಿದ್ದರೆ ‘ಹೋಗ್ಲಿ ಬಿಡ್ರಿ ವೈನಿ’ ಎಂದು ನೀನು ನಕ್ಕುಬಿಡುತ್ತಿದ್ದೆ. ನಾನು ಹೇಳಲಿಲ್ಲ. ಮಾವಿನ ಕಟ್ಟಿಗೆಯ ಮಣಿಗಳನ್ನು ಕೊರೆದು, ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಿ, ಕೇರುಬೀಜದ ರಸ ಬಳಿದೆ — ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ, ಎಷ್ಟು ತೊಳೆದರೂ ಹೋಗದ ಕಪ್ಪು. ಮಾರ್ಕೆಟ್ ಯಾರ್ಡ್ ಹತ್ತಿರದ ಅಂಗಡಿಯವನು ಬೀಜ ಕಟ್ಟಿಕೊಡುವಾಗ ‘ತಾಈ, ಅಂಗಾಲಾ ಲಾಗೂ ದೇವೂ ನಕಾ’ ಎಂದಿದ್ದ. ಮೈಗೆ ತಾಗಿಸಬೇಡಿ ಎಂದದ್ದು ಹಸಿ ಇರುವಾಗ ತಾನೇ, ಒಣಗಿದ ಮೇಲೆ ಏನಾದೀತು ಎಂದುಕೊಂಡೆ.

ಇಷ್ಟನ್ನು ಮೂರ್ಖತನ ಅಂದುಕೋ. ಮುಂದಿನದಕ್ಕೆ ಆ ಹೆಸರೂ ಸಲ್ಲದು.

ನಿಶ್ಚಯದ ಹಿಂದಿನ ದಿನ, ಒಣಗಿದ ಮಣಿಗಳನ್ನು ಪೋಣಿಸಿದ ನನ್ನ ಬೆರಳುಗಳು ಉರಿದು, ಕೆಂಪಾಗಿ, ನೀರುಗುಳ್ಳೆ ಎದ್ದವು. ಮನೆಗೆ ಬಂದ ನೀನು ನೋಡಿ ಗಾಬರಿಯಾದೆ. ‘ಅಯ್ಯ, ಏನಾತ್ರಿ ವೈನಿ!’

‘ಒಗ್ಗರಣಿ ಎಣ್ಣಿ ಸಿಡೀತು’ ಎಂದೆ.

ನನ್ನ ಕೈಯನ್ನು ನಿನ್ನ ತೊಡೆಯ ಮೇಲಿಟ್ಟುಕೊಂಡು ಊದಿ ಊದಿ ಮುಲಾಮು ಹಚ್ಚಿದೆ ನೀನು. ಅದು ಕೇರಿನ ಉರಿ ಎಂದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು, ಸುನಂದಾ. ಸರ ಅಲ್ಲೇ ಕಪಾಟಿನಲ್ಲಿತ್ತು. ಹಾಕಿಕೊಳ್ಳಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದೆ, ಅದು ಕರಿಮರವಲ್ಲ ಎನ್ನಬೇಕಾಗುತ್ತಿತ್ತು, ನೆಂಟರ ಮುಂದೆ ನನ್ನ ಮುಖ... ಇಷ್ಟೇ. ಇಷ್ಟಕ್ಕೇ ಬಾಯಿ ಮುಚ್ಚಿಕೊಂಡೆ.

ಮರುದಿನ ಎಲ್ಲರೂ ಸರವನ್ನು ಹೊಗಳುತ್ತಿದ್ದರು. ನೀನು ಬೆವರುತ್ತಿದ್ದೆ. ನಿನ್ನ ಕೈ ಮತ್ತೆ ಮತ್ತೆ ಕೊರಳಿಗೆ ಹೋಗುವುದನ್ನು ನಾನು ನೋಡುತ್ತಿದ್ದೆ. ಆಗಲಾದರೂ ಬಿಚ್ಚಿಸಬಹುದಿತ್ತು — ಬಿಚ್ಚಿಸಲಿಲ್ಲ. ಒಂದೆರಡು ದಿನದಲ್ಲಿ ಕೊರಳೆಲ್ಲ ಬಾತು, ಗುಳ್ಳೆ ಒಡೆದು ನೀರು ಸೋರತೊಡಗಿತು. ನಮ್ಮ ಕಡೆಯವರೇ ಆದ ಡಾಕ್ಟರು ಕೊರಳಿಗೆ ಏನು ಹಾಕಿಕೊಂಡಿದ್ದೆ ಎಂದು ನಿನ್ನನ್ನು ಕೇಳಿದರು. ನೀನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ‘ಬರೇ ಕಟ್ಟಿಗಿ ಸರಾರೀ. ಕಟ್ಟಿಗಿ ಏನ್ ಮಾಡ್ತದ? ಅಕಿ ಚರ್ಮಾನ ಹಂಗದ, ಮೊದಲಿಂದ.’

ಮೊದಲಿಂದ! ಆ ಮಾತು ಯಾರ ಯಾರದೋ ಬಾಯಿಂದ ಗಂಡಿನ ಮನೆಯವರ ಕಿವಿಗೆ ಬಿತ್ತು. ನಿನ್ನ ಕೊರಳಿನ ಕಲೆ ಮಾಸುವ ಮೊದಲೇ ಅವರು ಸಂಬಂಧ ಬೇಡ ಎಂದುಬಿಟ್ಟರು. ಅತ್ತೆ ಅತ್ತರು. ನಾನೂ ಜೊತೆಗೆ ಕೂತು ಅತ್ತೆ, ನಾಚಿಕೆ ಇಲ್ಲದವಳು.

ಅಂದಿನಿಂದ ನೀನು ಕೊರಳಿಗೆ ಒಂದು ದಾರವನ್ನೂ ಹಾಕಿಕೊಂಡಿಲ್ಲ. ನಾಳೆ ದೇಹೂ ರೋಡಿನಿಂದ ಹೊಸ ಸಂಬಂಧದವರು ನಿನ್ನನ್ನು ನೋಡಲು ಬರುತ್ತಾರೆ. ಬೆಳಿಗ್ಗೆ ಫೋನಿನಲ್ಲಿ ಎಷ್ಟು ಸಮಾಧಾನವಾಗಿ ಹೇಳಿದೆ ನೀನು — ‘ನನ್ನ ಚರ್ಮ ಸರಿ ಇಲ್ಲಂತ ನಾನಽ ಮೊದಲ ಹೇಳಿಬಿಡ್ತೀನ್ರಿ ವೈನಿ. ಆಮ್ಯಾಲೆ ಯಾರಿಗೂ ಮೋಸ ಆಗಬಾರದು.’ ಆಗಿನಿಂದ ಗರಗಸ ಹಿಡಿದರೆ ಗೆರೆ ತಪ್ಪುತ್ತದೆ, ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು. ಮೋಸವಂತೆ! ಆ ಮಾತನ್ನು ನೀನು ಆಡಬೇಕೇ?

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ನಾಳೆ ಅವರು ಬರುವ ಮೊದಲೇ ಬರುತ್ತೇನೆ. ನಿನಗೆ, ಅತ್ತೆಗೆ, ಆಮೇಲೆ ಅವರಿಗೂ ನಾನೇ ಹೇಳುತ್ತೇನೆ. ನಂಬದಿದ್ದರೆ ತೋರಿಸಲು ಆ ಸರವನ್ನೂ ತರುತ್ತೇನೆ. ನೀನು ಬಿಚ್ಚಿಟ್ಟ ದಿನವೇ ಎತ್ತಿಕೊಂಡು ಬಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ.

ಅದನ್ನು ಮುಟ್ಟಬೇಡ, ಸುನಂದಾ. ನೀನು ನನ್ನ ಬೆರಳಿಗೆ ಮುಲಾಮು ಹಚ್ಚುತ್ತಿದ್ದಾಗಲೇ ಈ ಮಾತು ಹೇಳಬೇಕಿತ್ತು.